ಉತ್ಕರ್ಷಣ ಸಂಖ್ಯೆ: ಲೆಕ್ಕ ಎಲ್ಲಿಂದ ಆರಂಭಿಸಬೇಕು?

ಸಂಡೂರಿನ ಬೆಟ್ಟಗಳಿಂದ ಲಾರಿಗಳಲ್ಲಿ ಇಳಿದುಬರುವ ಕೆಂಪು ಅದಿರು ಮುಖ್ಯವಾಗಿ ಹೆಮಟೈಟ್. ಅದರ ಸೂತ್ರದಲ್ಲಿ ಕಬ್ಬಿಣದ ಎರಡು ಪರಮಾಣುಗಳಿಗೆ ಆಕ್ಸಿಜನ್ನಿನ ಮೂರು ಪರಮಾಣುಗಳಿವೆ. ಪರಮಾಣುವೊಂದು ಎಷ್ಟು ಎಲೆಕ್ಟ್ರಾನುಗಳನ್ನು ಕಳೆದುಕೊಂಡಿದೆ (+) ಅಥವಾ ಪಡೆದಿದೆ (−) ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳುವ ಸಂಖ್ಯೆಯೇ ಉತ್ಕರ್ಷಣ ಸಂಖ್ಯೆ. ಇಲ್ಲಿ ಕಬ್ಬಿಣದ ಉತ್ಕರ್ಷಣ ಸಂಖ್ಯೆ ಎಷ್ಟೆಂದು ಕೇಳಿದರೆ ಹಲವು ವಿದ್ಯಾರ್ಥಿಗಳು ನೇರವಾಗಿ ಕಬ್ಬಿಣಕ್ಕೇ ಕೈಹಾಕುತ್ತಾರೆ. ಆದರೆ ಗೊತ್ತಿರುವುದನ್ನು ಮೊದಲು ಬರೆದುಕೊಂಡು, ಕೇಳಿದ್ದನ್ನು ಕೊನೆಗೆ ಉಳಿಸಿಕೊಳ್ಳಬೇಕು.

ಯಾವುದರೊಂದಿಗೂ ಸಂಯೋಗಗೊಳ್ಳದ ಧಾತುವಿನ ಸಂಖ್ಯೆ ಸೊನ್ನೆ. ಸಂಯುಕ್ತವಾದರೆ ಮೊದಲು ಫ್ಲೋರಿನ್ನಿಗೆ −1, ಸೋಡಿಯಂ, ಪೊಟ್ಯಾಸಿಯಂಗಳಿಗೆ +1, ಮೆಗ್ನೀಸಿಯಂ, ಕ್ಯಾಲ್ಸಿಯಂಗಳಿಗೆ +2 ಕೊಡಿ. ಅನಂತರ ಹೈಡ್ರೋಜನ್ನಿಗೆ +1, ಅದಾದ ಮೇಲೆ ಆಕ್ಸಿಜನ್ನಿಗೆ −2. ಈ ಸರದಿಯನ್ನು ಬಿಡಬಾರದು. ಎರಡು ನಿಯಮಗಳು ಪರಸ್ಪರ ತಾಕಿದಾಗ ಮೊದಲು ಬಂದದ್ದೇ ನಿಲ್ಲುತ್ತದೆ. ಎರಡು ಹೈಡ್ರೋಜನ್, ಎರಡು ಆಕ್ಸಿಜನ್ ಇರುವ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಹೈಡ್ರೋಜನ್ +1 ಪಡೆದ ಮೇಲೆ, ಒಟ್ಟು ಮೊತ್ತ ಸೊನ್ನೆಯಾಗಬೇಕಾದ್ದರಿಂದ, ಪ್ರತಿ ಆಕ್ಸಿಜನ್ನಿಗೆ ಉಳಿಯುವುದು −1 ಮಾತ್ರ. ಸೋಡಿಯಂ ಹೈಡ್ರೈಡಿನಲ್ಲಿ ಸೋಡಿಯಂ ಮೊದಲೇ +1 ಪಡೆಯುವುದರಿಂದ ಹೈಡ್ರೋಜನ್ನೇ −1 ಆಗುತ್ತದೆ. ಸರದಿ ಸರಿಯಿದ್ದರೆ ಇಂತಹ ಅಪವಾದಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ.

ತಟಸ್ಥ ಸಂಯುಕ್ತದಲ್ಲಿ ಎಲ್ಲ ಸಂಖ್ಯೆಗಳ ಮೊತ್ತ ಸೊನ್ನೆ. ಹೆಮಟೈಟಿನ ಮೂರು ಆಕ್ಸಿಜನ್ ಪರಮಾಣುಗಳಿಂದ −6 ಬರುತ್ತದೆ; ಕಬ್ಬಿಣವನ್ನು ‘ಕ್ಷ’ ಎಂದಿಟ್ಟುಕೊಂಡರೆ 2ಕ್ಷ − 6 = 0, ಅಂದರೆ ಕ್ಷ = +3. ಸಂಡೂರಿನಲ್ಲೇ ಸಿಗುವ ಮ್ಯಾಂಗನೀಸ್ ಅದಿರನ್ನು ನೆನಪಿಸುವ ಮ್ಯಾಂಗನೀಸ್ ಡೈಆಕ್ಸೈಡಿನಲ್ಲಿ ಮ್ಯಾಂಗನೀಸ್ +4. ಪ್ರಯೋಗಾಲಯದ ನೇರಳೆ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟಿನಲ್ಲಿ ಅದೇ ಲೋಹ +7.

ಕಬ್ಬಿಣದ ಇನ್ನೊಂದು ಅದಿರಾದ ಮ್ಯಾಗ್ನಟೈಟಿನಲ್ಲಿ ಮೂರು ಕಬ್ಬಿಣಕ್ಕೆ ನಾಲ್ಕು ಆಕ್ಸಿಜನ್ ಇರುವುದರಿಂದ ಉತ್ತರ +8/3 ಎಂದು ಬರುತ್ತದೆ. ಭಿನ್ನರಾಶಿ ಬಂತೆಂದು ಉತ್ತರವನ್ನು ಹೊಡೆದುಹಾಕಬೇಡಿ, ಅದು ಸರಾಸರಿ ಮಾತ್ರ: ಒಂದು ಕಬ್ಬಿಣ +2ರಲ್ಲಿ, ಉಳಿದೆರಡು +3ರಲ್ಲಿ ಇರುತ್ತವೆ.

ವಿದ್ಯುದಾವೇಶವಿರುವ ಕಣಗಳಾದ ಅಯಾನುಗಳಲ್ಲಿ ಮೊತ್ತವು ಸೊನ್ನೆಯಾಗುವುದಿಲ್ಲ, ಅಯಾನಿನ ಆವೇಶಕ್ಕೆ ಸಮನಾಗುತ್ತದೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಅದಿರಿನ ಪುಡಿಯಿಂದ ಚಿನ್ನವನ್ನು ಕರಗಿಸಿ ತೆಗೆಯಲು ಸಯನೈಡ್ ದ್ರಾವಣ ಬಳಸುತ್ತಾರೆ. ಆಗ ಉಂಟಾಗುವ ಅಯಾನಿನಲ್ಲಿ ಒಂದು ಚಿನ್ನ, ಎರಡು ಸಯನೈಡ್ ಗುಂಪುಗಳಿದ್ದು, ಒಟ್ಟು ಆವೇಶ −1. ಸಯನೈಡನ್ನು ಬಿಡಿ ಪರಮಾಣುಗಳಾಗಿ ಬಿಡಿಸದೆ ಒಂದೊಂದು ಗುಂಪಿಗೂ −1 ಎಂದು ಹಾಕಿದರೆ ಕ್ಷ − 2 = −1; ಚಿನ್ನ +1. ಇಂತಹ ದ್ರಾವಣಕ್ಕೆ ಸತುವಿನ ಪುಡಿ ಸೇರಿಸಿದರೆ ಚಿನ್ನ +1ರಿಂದ ಸೊನ್ನೆಗಿಳಿದು ಅಪಕರ್ಷಣಗೊಳ್ಳುತ್ತದೆ, ಸತು ಸೊನ್ನೆಯಿಂದ +2ಕ್ಕೇರಿ ಉತ್ಕರ್ಷಣಗೊಳ್ಳುತ್ತದೆ. ಸತುವಿನ ಒಂದು ಪರಮಾಣು ಚಿನ್ನದ ಎರಡು ಪರಮಾಣುಗಳನ್ನು ಹೊರತಳ್ಳುವುದು ಈ ಕಾರಣದಿಂದಲೇ.