ಬಾತ್‌ರೂಮ್ ಟೈಲ್‌ನ ಹೊರಮೂಲೆ ಕೊನೆಗೂ ಸರಿಹೋದ ಬಗೆ

ಬಾತ್‌ರೂಮ್ ಕಿಟಕಿಯ ಹೊರಮೂಲೆಯಲ್ಲಿ ಟೈಲ್‌ನ ಕೆಂಪು ಅಂಚು ಕಾಣುತ್ತಿತ್ತು. ಕೈ ತಾಗಿದರೆ ಗೀರುತ್ತಿತ್ತು.

ಮೊದಲು ಬಿಳಿ ಸಿಮೆಂಟ್ ಮೆತ್ತಿದೆ. ತಿಂಗಳೊಳಗೆ ಬಿರುಕು ಬಿಟ್ಟು ಹಳದಿಯಾಯಿತು. ಪಿವಿಸಿ ಬೀಡಿಂಗನ್ನು ಮೇಲಿಂದ ಸಿಲಿಕಾನ್ ಹಾಕಿ ಅಂಟಿಸಿದೆ, ಕಿತ್ತು ಬಂತು. ಮೇಸ್ತ್ರಿ ಹೊಸ ಟೈಲ್ ತಂದು ಅಂಚನ್ನು 45 ಡಿಗ್ರಿಗೆ ಉಜ್ಜಿದರು. ಸೆರಾಮಿಕ್ ಅಲ್ವಾ, ಚೂಪು ತುದಿ ಚಕ್ಕೆ ಎದ್ದಿತು.

ಕೆಲಸ ಮಾಡಿದ್ದು ಅಲ್ಯೂಮಿನಿಯಂ ಟ್ರಿಮ್, ಅಂದರೆ ಮೂಲೆಯ ಅಂಚು ಮುಚ್ಚುವ ಪಟ್ಟಿ; ಅದರ ತೂತುಗಳಿರುವ ಚಪ್ಪಟೆ ಭಾಗ (ಕಾಲು) ಟೈಲ್ ಹಿಂದೆ ಕೂರುತ್ತದೆ. ಮೂಲೆಯ ಎರಡೂ ಬದಿಯ ಟೈಲ್ ಕೀಳಲೇಬೇಕು, ಬೇರೆ ದಾರಿಯಿಲ್ಲ. ನನ್ನ ಟೈಲ್ 8 ಮಿ.ಮೀ. ದಪ್ಪ, ತಂದ ಟ್ರಿಮ್ 10 ಮಿ.ಮೀ. ಎತ್ತರ. ಟ್ರಿಮ್ ತುಸು ದೊಡ್ಡದಿದ್ದರೆ ಟೈಲ್ ಹಿಂದೆ ಅಂಟು ಜಾಸ್ತಿ ಹಾಕಿ ಸರಿದೂಗಿಸಬಹುದು. ಸಣ್ಣದಾದರೆ ಅಂಚು ಮತ್ತೆ ಹೊರಗೆ ಇಣುಕುತ್ತದೆ.

ಹಳೆ ಗಾರೆ ಕೆರೆದು ಮಟ್ಟ ಮಾಡಿದೆ. ಟ್ರಿಮ್‌ಗೆ ಮಾಸ್ಕಿಂಗ್ ಟೇಪ್ ಸುತ್ತಿ ಸಣ್ಣ ಹಲ್ಲಿನ ಹ್ಯಾಕ್ಸಾದಿಂದ ಕತ್ತರಿಸಿದೆ. ಗೋಡೆಗೆ ಟೈಲ್ ಅಡ್ಹೆಸಿವ್ ಹಚ್ಚಿ, ತೂತಿರುವ ಕಾಲನ್ನು ಅದರೊಳಗೆ ಒತ್ತಿದೆ; ಪ್ರತಿ ತೂತಿನಿಂದಲೂ ಅಂಟು ಉಕ್ಕಬೇಕು. ರಸಮಟ್ಟ ಹಿಡಿದು ನೋಡಿ, ಕಾಲಿನ ಮೇಲೂ ಅಂಟು ಸವರಿ ಟೈಲ್ ಕೂರಿಸಿದೆ. ಇನ್ನೊಂದು ಬದಿಯ ಟೈಲ್ ಆಮೇಲೆ. ಎರಡೂ ಕಡೆ ಟ್ರಿಮ್‌ಗೂ ಟೈಲ್‌ಗೂ ನಡುವೆ 2 ಮಿ.ಮೀ. ಸ್ಪೇಸರ್ (ಸಮನಾದ ಸಂದಿ ಬಿಡಲು ಇಡುವ ತುಂಡು). 24 ಗಂಟೆ ಬಿಟ್ಟು ಆ ಸಂದಿಗೆ ಎಪಾಕ್ಸಿ ಗ್ರೌಟ್ (ರಾಳದಿಂದ ಗಟ್ಟಿಯಾಗುವ ಸಂದಿ ತುಂಬುವ ಮಿಶ್ರಣ) ತುಂಬಿದೆ. ಹೆಚ್ಚಾದದ್ದನ್ನು ಆಗಲೇ ಒದ್ದೆ ಸ್ಪಂಜಿನಿಂದ ಒರೆಸಿಬಿಡಿ. ಗಟ್ಟಿಯಾದ ಮೇಲೆ ಸುಮ್ನೆ ಉಜ್ಜಿದರೆ ಹೋಗುವುದಿಲ್ಲ.