ಪ್ರೇಮಿಯೋ ತಾಯಿಯೋ ಎಂದು ಬಳಗ ಎರಡಾದಾಗ: ಕಾದಂಬರಿ ಚರ್ಚೆ ನಡೆಸುವ ಬಗೆ

ತನಗೆ ಒಲಿಯದ ಗಂಡಸನ್ನು ಬಿಡದೆ ಪ್ರೀತಿಸುವ ಹೆಂಗಸು, ಅವಳ ಮಡಿಲಲ್ಲೊಂದು ಮಗು. ಇಂಥ ಕಾದಂಬರಿಯನ್ನು ಓದುಗರ ಬಳಗದ ಮುಂದಿಟ್ಟರೆ ಹತ್ತು ನಿಮಿಷದೊಳಗೆ ಎರಡು ಬಣ ಆಗುತ್ತದೆ. "ಹೆತ್ತವಳು ಹೀಗೆ ಮಾಡ್ತಾಳೇನ್ರೀ?" ಎಂದು ಒಂದು ಕಡೆ. "ಅವಳ ಮನಸ್ಸು ಯಾರಾದ್ರೂ ಕೇಳಿದ್ರಾ?" ಎಂದು ಇನ್ನೊಂದು ಕಡೆ. ಬಣ ಆಗಲಿ, ತೊಂದರೆಯಿಲ್ಲ. ಅರ್ಧ ಗಂಟೆ ಕಳೆದರೂ ಯಾರೂ ಪುಸ್ತಕದ ಪುಟ ತಿರುಗಿಸಿಲ್ಲ ಎಂದರೆ ಮಾತ್ರ ಚರ್ಚೆ ಕೈತಪ್ಪಿದೆ ಎಂದು ತಿಳಿಯಿರಿ. ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರದಂಥ ಊರುಗಳಲ್ಲಿ ಎಂಟರಿಂದ ಹನ್ನೆರಡು ಜನ ಸೇರಿ ಓದುವ ಬಳಗಗಳಿಗೆ ಈ ವಿಧಾನ ಹೊಂದುತ್ತದೆ. ಹನ್ನೆರಡು ದಾಟಿದರೆ ಅದು ಸಭೆಯಾಗುತ್ತದೆ, ಸಭೆಯಲ್ಲಿ ಮೈಕು ಹಿಡಿದವರದ್ದೇ ಮಾತು.

ದಿನ, ಪ್ರತಿ, ಪುಟ

ಇವು ರೇಷ್ಮೆ ಸಾಕುವ ಊರುಗಳು, ದಿನ ಗೊತ್ತುಮಾಡುವ ಮುಂಚೆ ಯಾರ ಮನೆಯಲ್ಲಿ ಹುಳ ಯಾವ ಜ್ವರದಲ್ಲಿದೆ (ಹುಳ ಪೊರೆ ಬಿಡುವ ಹಂತಕ್ಕೆ ಜ್ವರ ಎನ್ನುತ್ತಾರೆ) ಎಂದು ಕೇಳಿಕೊಳ್ಳಿ. ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ದಿನದಲ್ಲೇ ರೇಷ್ಮೆಹುಳ ಸೊಪ್ಪಿನ ಬಹುಪಾಲು ತಿಂದು ಮುಗಿಸುತ್ತದೆ. ಆ ವಾರ ಸೊಪ್ಪು ಕೊಯ್ಯುವುದು, ಹಾಕುವುದು ಬಿಟ್ಟು ಕಾದಂಬರಿಗೆ ಯಾರೂ ಬರಲಾರರು, ಹೆಂಗಸರಂತೂ ಖಂಡಿತ ಬರಲಾರರು. ತಾಯ್ತನದ ಬಗ್ಗೆ ಮಾತಾಡುವ ದಿನ ತಾಯಂದಿರೇ ಇಲ್ಲದಿದ್ದರೆ ಹೇಗೆ? ಹುಳ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಹತ್ತಿದ ಮೇಲೆ ಗೂಡು ಬಿಡಿಸುವ ತನಕ ನಾಲ್ಕೈದು ದಿನ ಬಿಡುವು ಸಿಗುತ್ತದೆ, ಆಗ ಇಟ್ಟುಕೊಳ್ಳಿ. ಗೂಡಿನ ಮಾರ್ಕೆಟ್ಟಿಗೆ ಹೋಗುವವರು ಬೆಳಿಗ್ಗೆ ಸಿಗುವುದಿಲ್ಲ, ಆದ್ದರಿಂದ ಮಧ್ಯಾಹ್ನ 3ರಿಂದ 5 ಎಲ್ಲರಿಗೂ ಅನುಕೂಲ.

240 ಪುಟದ ಕಾದಂಬರಿಗೆ ದಿನಕ್ಕೆ 20 ಪುಟದಂತೆ 12 ದಿನ ಬೇಕು. ಹತ್ತು ಜನಕ್ಕೆ ಐದು ಪ್ರತಿ ಸಿಕ್ಕಿದರೆ ಒಂದೊಂದು ಪ್ರತಿ ಇಬ್ಬರ ಕೈ ದಾಟಬೇಕು, ಅಂದರೆ 24 ದಿನ. ನಾಲ್ಕು ವಾರ ಕೊಡಿ. ಲೈಬ್ರರಿಯ ಹಳೆಯ ಮುದ್ರಣದಲ್ಲೂ ಅಂಗಡಿಯ ಹೊಸ ಮುದ್ರಣದಲ್ಲೂ ಪುಟಸಂಖ್ಯೆ ಬೇರೆ ಬೇರೆ ಇರುತ್ತದೆ. ಹಾಗಾಗಿ ಅಧ್ಯಾಯದ ಸಂಖ್ಯೆ ಮತ್ತು ಪ್ಯಾರಾದ ಮೊದಲ ಎರಡು ಪದ ಬರೆದುಕೊಳ್ಳುವುದನ್ನು ಮೊದಲ ದಿನವೇ ಹೇಳಿಬಿಡಿ. ಇಲ್ಲದಿದ್ದರೆ "112ನೇ ಪುಟ", "ನನ್ನದರಲ್ಲಿ 131" ಎನ್ನುವುದರಲ್ಲೇ ಕಾಲು ಗಂಟೆ ಹೋಗುತ್ತದೆ.

ಬಾಯಿ ತೆರೆಯುವ ಮುಂಚೆ ಚೀಟಿ

ಎಲ್ಲರೂ ಕೂತ ಕೂಡಲೇ ಅಂಗೈಯಗಲದ ಚೀಟಿ ಹಂಚಿ. ಹೆಸರು ಬೇಡ. "ಅವಳು ಮಾಡಿದ್ದು ಸರಿಯೇ?" ಎಂಬುದಕ್ಕೆ ಹೌದು, ಇಲ್ಲ ಅಥವಾ ತೋಚುತ್ತಿಲ್ಲ ಎಂದು ಬರೆಯಲಿ. ಅದರ ಕೆಳಗೆ, ಹಾಗನ್ನಿಸಿದ್ದು ಯಾವ ಅಧ್ಯಾಯದ ಯಾವ ಪ್ಯಾರಾದಲ್ಲಿ ಎಂದು ಬರೆಯಲಿ. ಮೂರು ನಿಮಿಷ ಸಾಕು. ಚಿಕ್ಕ ಊರಿನಲ್ಲಿ ಅಕ್ಷರ ನೋಡಿಯೇ ಬರೆದವರನ್ನು ಹಿಡಿಯುತ್ತಾರೆ, ಆದ್ದರಿಂದ ಚೀಟಿ ಕೈಯಿಂದ ಕೈಗೆ ಹೋಗದೆ ನಡೆಸುವವರೊಬ್ಬರೇ ಓದಿ ಲೆಕ್ಕ ಹೇಳಲಿ.

ಇದನ್ನು ಬಿಟ್ಟರೆ ಏನಾಗುತ್ತದೆ ಎಂದರೆ, "ಎಂಥಾ ತಾಯಿ ರೀ ಇವಳು" ಎಂದು ಒಬ್ಬರು ಅಂದರೆ ಸಾಕು, ಬೇರೆ ಅನ್ನಿಸಿದ ಕಿರಿಯರು ತೆಪ್ಪಗಾಗುತ್ತಾರೆ. ಅದರಲ್ಲೂ ಬಳಗದಲ್ಲಿ ನಿವೃತ್ತ ಮೇಷ್ಟ್ರಿದ್ದು ಅವರೇ ಮೊದಲು ತೀರ್ಪು ಕೊಟ್ಟರೆ ಮುಗಿದೇ ಹೋಯಿತು, ಅವರ ಹತ್ತಿರ ಓದಿದವರೇ ಅರ್ಧ ಜನ ಇರುತ್ತಾರೆ. ಅವರನ್ನು ತಡೆಯುವುದು ಮರ್ಯಾದೆಯಲ್ಲ, ಬೇರೆ ಕೆಲಸ ಕೊಡಿ. "ಮೇಷ್ಟ್ರೇ, ಈ ಪುಟ ನೀವೇ ಓದಿ, ನಿಮ್ಮ ಧ್ವನಿಯಲ್ಲಿ ಕೇಳೋಣ" ಎನ್ನಿ. ಒಂದು ಪುಟ ಗಟ್ಟಿಯಾಗಿ ಓದಲು ಎರಡು ನಿಮಿಷ ಬೇಕು. ಗಟ್ಟಿಯಾಗಿ ಓದುವಾಗ ತೀರ್ಪು ಸ್ವಲ್ಪ ಸಡಿಲವೂ ಆಗುತ್ತದೆ.

ಕಥೆಯನ್ನೆಲ್ಲ ಬಾಯಲ್ಲಿ ಹೇಳಲು ಯಾರಿಗೂ ಬಿಡಬೇಡಿ. ಓದದೆ ಬಂದವರಿಗೆ ಒಂದು ಹಾಳೆಯಲ್ಲಿ ಸಾರಾಂಶ ಬರೆದಿಟ್ಟಿರಿ. ಅವರು ಕೂತು ಕೇಳಲಿ, ಚೀಟಿ ಮಾತ್ರ ಬೇಡ. ಸಿನಿಮಾ ನೋಡಿ ಬಂದವರಿಗೂ ಇದೇ ನಿಯಮ.

ಮೂರು ಪ್ರಶ್ನೆ, ಇದೇ ಕ್ರಮದಲ್ಲಿ

ಅವಳು ಏನು ಮಾಡಿದಳು? ಅದನ್ನು ನಮಗೆ ಹೇಳುತ್ತಿರುವವರು ಯಾರು? ಅವಳ ಜಾಗದಲ್ಲಿ ನಾವಿದ್ದರೆ? ಬಹುತೇಕ ಬಳಗಗಳು ಮೂರನೆಯದರಿಂದ ಶುರುಮಾಡಿ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಮೊದಲನೆಯದಕ್ಕೆ 25 ನಿಮಿಷ, ಎರಡನೆಯದಕ್ಕೆ 40, ಮೂರನೆಯದಕ್ಕೆ 20 ಇಟ್ಟುಕೊಳ್ಳಿ.

ಮೊದಲನೆಯದಕ್ಕೆ ಗೋಡೆಗೆ ಒಂದು ಚಾರ್ಟ್ ಅಂಟಿಸಿ, ಘಟನೆಗಳನ್ನು ಸಾಲಾಗಿ ಬರೆದು ಪ್ರತಿಯೊಂದರ ಪಕ್ಕ ಆಗಿನ ಮಗುವಿನ ವಯಸ್ಸು ಹಾಕಿ. ಇದೊಂದರಿಂದಲೇ ಅರ್ಧ ಜಗಳ ಕರಗುತ್ತದೆ. ಎಂಟು ವರ್ಷದ ಮಗುವನ್ನು ಮೂರು ದಿನ ಅಜ್ಜಿಯ ಹತ್ತಿರ ಬಿಟ್ಟುಹೋದದ್ದು ಓದುಗರ ನೆನಪಿನಲ್ಲಿ "ಹಸುಗೂಸನ್ನು ಬಿಟ್ಟು ಓಡಿಹೋದಳು" ಎಂದಾಗಿರುತ್ತದೆ. ಮನೆಯಲ್ಲಿ ಬೇರೆ ಯಾರಿದ್ದರು, ಕೈಯಲ್ಲಿ ದುಡ್ಡಿತ್ತೇ, ಅವಳು ಬರೆದ ಕಾಗದ ಎಷ್ಟು, ಅವನಿಂದ ಬಂದ ಉತ್ತರ ಎಷ್ಟು, ಇವೂ ಚಾರ್ಟಿಗೆ ಸೇರಲಿ. ಪುಸ್ತಕದಲ್ಲಿ ಇಲ್ಲದ್ದಕ್ಕೆ ಪ್ರಶ್ನೆಚಿಹ್ನೆ ಹಾಕಿ, ಊಹೆ ಬರೆಯಬೇಡಿ.

ಎರಡನೆಯ ಪ್ರಶ್ನೆಯೇ ಈ ಕೆಲಸದ ತಿರುಳು. ಕನ್ನಡ ಕಾದಂಬರಿ ಯಾರ ಪಕ್ಷ ಎಂಬುದನ್ನು ಸರ್ವನಾಮವೇ ಬಿಟ್ಟುಕೊಡುತ್ತದೆ. ನಿರೂಪಣೆ ಅವನನ್ನು "ಅವರು" ಎಂದೂ ಅವಳನ್ನು "ಅವಳು" ಎಂದೂ ಕರೆಯುತ್ತಿದ್ದರೆ ತಕ್ಕಡಿ ಮೊದಲೇ ವಾಲಿದೆ. ಇಬ್ಬರ ಸಂಭಾಷಣೆಯಲ್ಲಿ "ನೀವು" ಯಾವ ಅಧ್ಯಾಯದಲ್ಲಿ "ನೀನು" ಆಯಿತು, ಮತ್ತೆ "ನೀವು"ಗೆ ಮರಳಿತೇ ಎಂದು ಹುಡುಕಿ. ಒಲುಮೆ ಸಿಗದು ಎಂದು ಅವಳಿಗೆ ಗೊತ್ತಾದ ಜಾಗ ಅನೇಕ ಸಲ ಅಲ್ಲೇ ಇರುತ್ತದೆ, ಅಳುವ ದೃಶ್ಯದಲ್ಲಿ ಇರುವುದಿಲ್ಲ. ಆಮೇಲೆ ಭಾವದ ಪದಗಳು: ಒಲವು, ಪ್ರೀತಿ, ಮೋಹ, ಹುಚ್ಚು, ಮಮತೆ, ಕರುಳು. ಅವಳ ಪ್ರೇಮಕ್ಕೆ ಲೇಖಕರು ಯಾವುದನ್ನು ಬಳಸಿದ್ದಾರೆ, ಮಗುವಿನ ಮೇಲಿನದಕ್ಕೆ ಯಾವುದನ್ನು ಬಳಸಿದ್ದಾರೆ ಎಂದು ಇಬ್ಬಿಬ್ಬರು ಸೇರಿ ಒಂದೊಂದು ಅಧ್ಯಾಯದಲ್ಲಿ ಪೆನ್ಸಿಲಿನಿಂದ ಗುರುತು ಹಾಕಲಿ. ಪ್ರೇಮಕ್ಕೆಲ್ಲ "ಹುಚ್ಚು", ಮಗುವಿಗೆಲ್ಲ "ಹೆತ್ತ ಕರುಳು" ಎಂದಿದ್ದರೆ ಬಳಗದ ತೀರ್ಪನ್ನು ಲೇಖಕರು ಮುಂಚೆಯೇ ಬರೆದುಕೊಟ್ಟಿದ್ದಾರೆ. (ಕರುಳು ಎಂಬ ಪದ ಬಂದರೆ ಓದುಗರ ಕಣ್ಣು ಒದ್ದೆಯಾಗುತ್ತದೆ ಎಂಬುದು ಅವರಿಗೂ ಗೊತ್ತು.) ಕಾದಂಬರಿ ಮೊದಲು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿದ್ದರೆ ಅದನ್ನೂ ಹೇಳಿ. ಕಂತಿನ ಕೊನೆಗೊಂದು ಆಘಾತ ಇಡಲೇಬೇಕಾದ್ದರಿಂದ ಅವಳ ತಪ್ಪುಗಳು ಅಧ್ಯಾಯದ ಕೊನೆಗೇ ಬಂದು ದೊಡ್ಡದಾಗಿ ಕಾಣುತ್ತವೆ.

ಹಾಗೆಯೇ ಅವನ ಮಾತು ಎಣಿಸಿ. ಪ್ರೀತಿಯನ್ನು ಹಿಂತಿರುಗಿಸದ ಈ ಗಂಡಸು ಇಡೀ ಪುಸ್ತಕದಲ್ಲಿ ಎಷ್ಟು ಸಾಲು ಆಡಿದ್ದಾನೆ? ಒಂದು ಸಲವಾದರೂ ಬಾಯಿಬಿಟ್ಟು "ಇಲ್ಲ" ಎಂದಿದ್ದಾನೆಯೇ? ಅಂದಿದ್ದರೆ ಅವಳ ಹಟದ ಬಗ್ಗೆ ಮಾತಾಡಬಹುದು. ಅನ್ನದೆ ತೇಲಿಸಿದ್ದರೆ ಮಾತು ಬೇರೆ. ಬಣಗಳು ಅವಳನ್ನೇ ಎಳೆದಾಡುತ್ತಿರುವಾಗ ಈ ಎಣಿಕೆ ಗಂಡಸರನ್ನೂ ಚರ್ಚೆಗೆ ತರುತ್ತದೆ.

ಬಳಗ ಹೊಸದಾಗಿದ್ದರೆ ತಾಲೀಮಿಗೆ ಮಾಧವಿ

ಕಾದಂಬರಿಗೆ ಕೈಹಾಕುವ ಹಿಂದಿನ ಭೇಟಿಯಲ್ಲಿ ಮಹಾಭಾರತದ ಉದ್ಯೋಗಪರ್ವದ ಮಾಧವಿಯ ಕಥೆಯನ್ನು ಇಪ್ಪತ್ತು ನಿಮಿಷ ಚರ್ಚಿಸಿ ನೋಡಿ. ಒಂದು ಕಿವಿ ಮಾತ್ರ ಕಪ್ಪಗಿರುವ 800 ಬಿಳಿ ಕುದುರೆಗಳನ್ನು ಗುರುದಕ್ಷಿಣೆಯಾಗಿ ಕೇಳಿದವನು ವಿಶ್ವಾಮಿತ್ರ. ತರಬೇಕಾದವನು ಶಿಷ್ಯ ಗಾಲವ. ಅವನು ಬೇಡಲು ಹೋದಾಗ ಕುದುರೆಯಿಲ್ಲದ ರಾಜ ಯಯಾತಿ ಮಗಳು ಮಾಧವಿಯನ್ನೇ ಕೊಟ್ಟ. ಹರ್ಯಶ್ವ, ದಿವೋದಾಸ, ಉಶೀನರ ಎಂಬ ಮೂವರು ರಾಜರಿಗೆ ಅವಳು ಒಬ್ಬೊಬ್ಬ ಮಗನನ್ನು ಹೆತ್ತಳು, ಒಬ್ಬೊಬ್ಬರಿಂದ 200 ಕುದುರೆ ಬಂತು. ಉಳಿದ 200ಕ್ಕೆ ಬದಲಾಗಿ ವಿಶ್ವಾಮಿತ್ರನಿಗೇ ನಾಲ್ಕನೆಯ ಮಗ. ಕೊನೆಗೆ ತಂದೆ ಸ್ವಯಂವರ ಏರ್ಪಡಿಸಿದಾಗ ಅವಳು ಕಾಡನ್ನು ವರಿಸಿದಳು.

ಇಷ್ಟು ಹೇಳಿ ಎರಡೇ ಪ್ರಶ್ನೆ ಕೇಳಿ: ಅವಳು ಗಾಲವನನ್ನು ಪ್ರೀತಿಸಿದ್ದಳೇ? ಮಕ್ಕಳನ್ನು ಬಿಟ್ಟು ಬಂದಾಗ ಅವಳಿಗೆ ಏನನ್ನಿಸಿತು? ಪ್ರತಿಯೊಬ್ಬರಿಗೂ ಉತ್ತರ ಇರುತ್ತದೆ, ಜೋರಾಗಿಯೂ ಇರುತ್ತದೆ. ಆಮೇಲೆ ಹೇಳಿ: ಗಾಲವನ ಮೇಲೆ ಅವಳಿಗೆ ಪ್ರೀತಿಯಿತ್ತು ಎಂದು ಪರ್ವ ಹೇಳುವುದಿಲ್ಲ, ಮಕ್ಕಳನ್ನು ಅಗಲಿದ ದುಃಖವನ್ನೂ ಬಣ್ಣಿಸುವುದಿಲ್ಲ. ಆ ಮೌನವನ್ನು ತುಂಬಿದವರು ಮುಂದಿನ ಲೇಖಕರು. ಅನುಪಮಾ ನಿರಂಜನ ಇದೇ ಕಥೆಯನ್ನು "ಮಾಧವಿ" ಎಂಬ ಕಾದಂಬರಿಯಾಗಿಸಿದರು. ಪುಸ್ತಕದಲ್ಲಿರುವುದು ಎಷ್ಟು, ತಾವು ತುಂಬಿದ್ದು ಎಷ್ಟು ಎಂದು ಒಂದು ಸಲ ಸಿಕ್ಕಿಬಿದ್ದ ಓದುಗರು ಮುಂದಿನ ಸಲ ತಾವಾಗಿಯೇ ಪುಟ ಹುಡುಕುತ್ತಾರೆ.

ಕೆಡುವುದು ಎಲ್ಲಿ

"ನಮ್ಮ ಬೀದಿಯಲ್ಲೂ ಒಬ್ಬಳಿದ್ದಾಳೆ" ಎಂಬ ಮಾತು ಬಂದ ತಕ್ಷಣ ನಿಲ್ಲಿಸಿ. ಹೆಸರು ಹೇಳದಿದ್ದರೂ ಶಿಡ್ಲಘಟ್ಟದಲ್ಲಿ ಯಾರೆಂದು ಗೊತ್ತಾಗಲು ಐದು ನಿಮಿಷ ಬೇಡ, ಸಂಜೆಯೊಳಗೆ ಅದು ಆ ಮನೆ ತಲುಪುತ್ತದೆ. ಊರವರ ಉದಾಹರಣೆ ಬೇಡ, ಪಾತ್ರಗಳ ಉದಾಹರಣೆ ಮಾತ್ರ ಎಂದು ಮೊದಲೇ ನಿಯಮ ಮಾಡಿ.

ಕೂತವರಲ್ಲೇ ಮಗು ಕಳೆದುಕೊಂಡವರು, ಮಕ್ಕಳಾಗದವರು, ಗಂಡ ಬಿಟ್ಟವರು ಇರಬಹುದು. ಮೂರನೆಯ ಪ್ರಶ್ನೆಯನ್ನು ಸುತ್ತು ಹಾಕಿ ಎಲ್ಲರಿಂದಲೂ ಕೇಳಬೇಡಿ, ಹೇಳಬೇಕೆನ್ನಿಸಿದವರು ಹೇಳಲಿ. ಯಾರಾದರೂ ಎದ್ದು ಹೊರಗೆ ಹೋದರೆ ಗುಂಪಾಗಿ ಹಿಂದೆ ಹೋಗುವುದು ಬೇಡ, ಹತ್ತಿರದವರೊಬ್ಬರು ನೀರು ತೆಗೆದುಕೊಂಡು ಹೋದರೆ ಸಾಕು. ಅತ್ತೆ ಸೊಸೆ ಇಬ್ಬರೂ ಬಂದಿದ್ದರೆ ಎದುರುಬದುರು ಕೂರಿಸಬೇಡಿ.

ಚಿಂತಾಮಣಿ, ಬಾಗೇಪಲ್ಲಿ ಕಡೆ ಮನೆಮಾತು ತೆಲುಗಾಗಿರುವವರು ಬಹಳ. ಕನ್ನಡದಲ್ಲಿ ಓದಿ ತೆಲುಗಿನಲ್ಲಿ ಸಿಟ್ಟಾಗುವವರನ್ನು ತಿದ್ದಬೇಡಿ. ಸಿಟ್ಟು ಬಂದ ಭಾಷೆಯಲ್ಲೇ ಹೇಳಲಿ, ಪಕ್ಕದವರು ಕನ್ನಡಿಸುತ್ತಾರೆ.

ದನಿ ಏರಿದರೆ ಬಣ ಬದಲಿಸಿ. ಅವಳನ್ನು ಬೈಯುವವರು ಅವಳ ಪರವಾದ ಅತಿ ಗಟ್ಟಿ ಪ್ಯಾರಾ ಹುಡುಕಿ ಓದಲಿ, ಅವಳ ಪರ ಇರುವವರು ಅವಳಿಗೆ ವಿರುದ್ಧವಾದದ್ದನ್ನು ಓದಲಿ. ತಲಾ ಐದು ನಿಮಿಷ. ಟೀ ಇದಕ್ಕೆ ಮುಂಚೆ ಬರಲಿ. ಶುರುವಿನಲ್ಲೇ ಕೊಟ್ಟರೆ ಕೆಲವರು ಕುಡಿದು ಹೊರಡುತ್ತಾರೆ, ಕೊನೆಗಿಟ್ಟರೆ ಎಲ್ಲರ ಕಣ್ಣೂ ಅಡುಗೆಮನೆ ಕಡೆಗೇ.

ಕೊನೆಯ ಐದು ನಿಮಿಷಕ್ಕೆ ಎರಡನೇ ಚೀಟಿ, ಅದೇ ಪ್ರಶ್ನೆ. ಎರಡೂ ಲೆಕ್ಕವನ್ನು ಚಾರ್ಟಿನ ಮೂಲೆಯಲ್ಲಿ ಅಕ್ಕಪಕ್ಕ ಬರೆಯಿರಿ. ಮನಸ್ಸು ಬದಲಿಸಿದವರು ಯಾರು ಎಂದು ಕೇಳಬೇಡಿ, ಯಾವ ಪ್ಯಾರಾ ಬದಲಿಸಿತು ಎಂದಷ್ಟೇ ಕೇಳಿ. ಎರಡೂ ಲೆಕ್ಕ ಒಂದೇ ಆಗಿದ್ದರೂ ಎರಡನೇ ಚೀಟಿಯಲ್ಲಿ ಬರೆದ ಪ್ಯಾರಾಗಳು ಮೊದಲಿನವಲ್ಲದಿದ್ದರೆ ಚರ್ಚೆ ನಡೆದಿದೆ ಎಂದೇ ಅರ್ಥ. ಲೈಬ್ರರಿ ಪ್ರತಿಗಳನ್ನು ವಾಪಸ್ ಕೊಡುವ ಮುಂಚೆ ಪೆನ್ಸಿಲ್ ಗುರುತುಗಳನ್ನು ರಬ್ಬರಿನಿಂದ ಅಳಿಸಿ.