ಎರಡು ಡಿಸ್ಕ್, ಎರಡು ಓಎಸ್: ನನ್ನ ಡಿಟಿಪಿ ಮಷಿನ್ನಿನ ಡ್ಯುಯಲ್ ಬೂಟ್

ಒಂದೇ ಮಷಿನ್ನಿನಲ್ಲಿ ಎರಡು ಓಎಸ್ ಇಟ್ಟು, ಬೇಕಾದಾಗ ಬೇಕಾದ್ದನ್ನು ಎಬ್ಬಿಸುವುದಕ್ಕೆ ಡ್ಯುಯಲ್ ಬೂಟ್ ಅನ್ನುತ್ತಾರೆ. ಆದರೆ ಒಂದೇ ಡಿಸ್ಕಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ತುಂಬಿ ಅಂಗಡಿ ನಡೆಸುವುದು ಆಗುವ ಮಾತಲ್ಲ. ಎರಡು ಡಿಸ್ಕಾದರೆ ನಿಶ್ಚಿಂತೆ. ಗದಗಿನ ನನ್ನ ಡಿಟಿಪಿ ಅಂಗಡಿಯಲ್ಲಿ ಈ ವ್ಯವಸ್ಥೆ ಶುರುವಾಗಿ ವರ್ಷದ ಮೇಲಾಯಿತು, ಬೂಟ್ ಆಗದೆ ಕೆಲಸ ನಿಂತ ದಿನವಿಲ್ಲ. "ಎರಡು ದೋಣಿಯೊಳಗ ಕಾಲಿಡಬ್ಯಾಡ್ರಿ ಸರ, ಹದಿನೈದು ದಿನಾನೂ ಬಾಳಂಗಿಲ್ಲ" ಅಂದಿದ್ದ ಹಾರ್ಡ್‌ವೇರ್ ಹುಡುಗನೇ ಈಗ ತನ್ನ ಗಿರಾಕಿಗಳ ಮಷಿನ್ ತಂದು ನನ್ನ ಕೈಲಿ ಮಾಡಿಸಿಕೊಂಡು ಹೋಗುತ್ತಾನೆ.

ವಿಂಡೋಸ್ ಬಿಡುವ ಹಾಗಿಲ್ಲ. ಪ್ರೆಸ್‌ನವರಿಗೆ ಇವತ್ತಿಗೂ ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್ 7ರ ಫೈಲೇ ಬೇಕು, ಅದರೊಳಗೆ ನುಡಿಯ ಆಸ್ಕಿ (ಯೂನಿಕೋಡ್ ಅಲ್ಲದ ಹಳೇ ಬಗೆಯ) ಫಾಂಟೇ ಇರಬೇಕು. ಮಷಿನ್ ನಾಲ್ಕನೇ ಜನರೇಶನ್ ಐ3, 8 ಜಿಬಿ ರ್‍ಯಾಮ್. ವಿಂಡೋಸ್ 11 ಇದಕ್ಕೆ ಹತ್ತುವುದಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಎಂಬುದು ಮೊದಲೇ ಗೊತ್ತಿತ್ತು. ಅಂಥದ್ದರಲ್ಲಿ ಬ್ಯಾಂಕ್ ಕೆಲಸ, ವಾಟ್ಸಾಪ್, ಕಂಡವರ ಪೆನ್‌ಡ್ರೈವ್ ಎಲ್ಲ ನಡೆಸುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ, ಅದಕ್ಕೇ ಲಿನಕ್ಸ್ ಬೇಕಾಯಿತು. ಹೊಸ ಮಷಿನ್ನಿಗೆ ಕೊಟೇಶನ್ ತಂದೆ, 38 ಸಾವಿರದ ಆಸುಪಾಸು. ಆ ದುಡ್ಡಿಗೆ ಎಷ್ಟು ಲಗ್ನಪತ್ರಿಕೆ ಟೈಪ್ ಮಾಡಬೇಕು ಅಂತ ಈ ಧಂಧೆಯವರಿಗೆ ಹೇಳಬೇಕಿಲ್ಲ.

ಮೊದಲು ಇದ್ದ 500 ಜಿಬಿ ಹಾರ್ಡ್‌ಡಿಸ್ಕಿನಲ್ಲೇ ನೋಡಿದೆ. ಲಿನಕ್ಸ್‌ಗೆ ಜಾಗ ಬಿಡಿಸಲು ವಿಂಡೋಸ್ ಪಾರ್ಟಿಶನ್ ಶ್ರಿಂಕ್ ಮಾಡಹೋದರೆ (ಕುಗ್ಗಿಸಹೋದರೆ) ಇಪ್ಪತ್ತು ಜಿಬಿಗಿಂತ ಮುಂದೆ ಹೋಗಲೊಲ್ಲದು. ಪೇಜ್‌ಫೈಲ್, ಹೈಬರ್ನೇಟ್, ರಿಸ್ಟೋರ್ ಪಾಯಿಂಟ್ ಮೂರನ್ನೂ ತೆಗೆದ ಮೇಲೆ ನೂರರ ಮೇಲೆ ಸಿಕ್ಕಿತು. ಆದರೆ ಡಿಸ್ಕ್ ಹಳೇ ಎಂಬಿಆರ್ ಪದ್ಧತಿಯದು, ಅದರಲ್ಲಿ ನಾಲ್ಕೇ ಪ್ರೈಮರಿ ಪಾರ್ಟಿಶನ್‌ಗೆ ಜಾಗ, ನಾಲ್ಕೂ ಆಗಲೇ ಭರ್ತಿ. ಇ ಡ್ರೈವ್ ಖಾಲಿ ಮಾಡಿ ಜಾಗ ಹೊಂದಿಸಿದೆ, ಲಿನಕ್ಸ್ ಮಿಂಟ್ ಕೂತಿತು. ಎರಡು ತಿಂಗಳು ಚೆನ್ನಾಗಿಯೇ ಇತ್ತು. ಆಮೇಲೆ ಒಂದು ಪೆನ್‌ಡ್ರೈವಿನಿಂದ ವೈರಸ್ ಬಂತು, ವಿಂಡೋಸ್ ಹೊಸದಾಗಿ ಹಾಕಿಸಿದೆ, ಡಿಸ್ಕಿನ ಆರಂಭದ ಎಂಬಿಆರ್‌ನಲ್ಲಿದ್ದ, ಯಾವ ಓಎಸ್ ಬೇಕು ಅಂತ ಕೇಳುವ ಬೂಟ್‌ಲೋಡರ್ ಗ್ರಬ್ ಅಳಿಸಿಹೋಯಿತು. ಲೈವ್ ಪೆನ್‌ಡ್ರೈವ್ ಹಾಕಿ ಎಬ್ಬಿಸಿದೆ, ಮುಂದಿನ ರೀಇನ್‌ಸ್ಟಾಲ್‌ಗೆ ಮತ್ತದೇ ಕಥೆ. ಹುಡುಗನಿಗೆ ಸಲಕ್ಕೆ ಐದುನೂರು. ಅದೂ ಲಗ್ನದ ಸೀಸನ್; ಕಾರ್ಡಿನ ಗಿರಾಕಿ ಬಾಗಿಲಲ್ಲಿ ಕೂತಿರುವಾಗ ರಿಪೇರಿ ಮಾಡುತ್ತ ಕೂರುವ ಸಂಕಟ ಯಾರಿಗೂ ಬೇಡ.

ಆಗ 240 ಜಿಬಿ ಎಸ್‌ಎಸ್‌ಡಿ ತಂದೆ, ಸುಮಾರು 1,600. ಸಾಟಾ ಕೇಬಲ್, ಪವರ್ ಸ್ಪ್ಲಿಟರ್ ಸೇರಿ ಇನ್ನೊಂದು ಇನ್ನೂರು. ಖರ್ಚು ಇಷ್ಟೇ.

ಲಿನಕ್ಸ್ ಯುಇಎಫ್‌ಐನಲ್ಲಿ (ಮಷಿನ್ ಎಬ್ಬಿಸುವ ಹೊಸ ಪದ್ಧತಿ), ವಿಂಡೋಸ್ ಲೆಗಸಿಯಲ್ಲಿ (ಹಳೇ ಪದ್ಧತಿ) ಇದ್ದರೆ ಗ್ರಬ್‌ನಿಂದ ವಿಂಡೋಸ್‌ಗೆ ದಾಟಲು ಆಗುವುದಿಲ್ಲ. ಅದಕ್ಕೇ ಮೊದಲು ವಿಂಡೋಸ್ ಡಿಸ್ಕನ್ನು ಎಂಬಿಆರ್‌ನಿಂದ, ಯುಇಎಫ್‌ಐಗೆ ಬೇಕಾದ ಹೊಸ ಪಾರ್ಟಿಶನ್ ಪದ್ಧತಿ ಜಿಪಿಟಿಗೆ ತಿರುಗಿಸಿದೆ. ವಿಂಡೋಸ್ 10ರಲ್ಲೇ ಇರುವ ಎಂಬಿಆರ್‌2ಜಿಪಿಟಿ ಸಾಕು, ಡೇಟಾ ಅಳಿಯುವುದಿಲ್ಲ. ಆದರೂ ನಾನು ಬ್ಯಾಕಪ್ ತೆಗೆದೇ ಕೈ ಹಚ್ಚಿದ್ದು. ಮೂರಕ್ಕಿಂತ ಹೆಚ್ಚು ಪ್ರೈಮರಿ ಇದ್ದರೆ ಅದು ಒಪ್ಪದು, ಲಾಜಿಕಲ್ ಪಾರ್ಟಿಶನ್ನೂ ಅದಕ್ಕೆ ಆಗದು. ಮಿಂಟ್‌ನ ಹಳೇ ಜಾಗವನ್ನೆಲ್ಲ ಮೊದಲೇ ಅಳಿಸಿಬಿಟ್ಟಿದ್ದೆ. ಬಯೋಸ್‌ನಲ್ಲಿ ಸಿಎಸ್‌ಎಂ (ಲೆಗಸಿ ಬೂಟ್‌ಗೆ ಅವಕಾಶ ಕೊಡುವ ಸೆಟ್ಟಿಂಗ್) ಆಫ್, ವಿಂಡೋಸ್ ಎದ್ದಿತು.

ಇನ್ನು ಮುಖ್ಯ ಕೆಲಸ. ಕ್ಯಾಬಿನೆಟ್ ಬಿಚ್ಚಿ ವಿಂಡೋಸ್ ಡಿಸ್ಕಿನ ಸಾಟಾ ಕೇಬಲ್ ಕಿತ್ತು ಪಕ್ಕಕ್ಕಿಟ್ಟೆ. ಆಮೇಲೇ ಮಿಂಟ್ ಹಾಕಿದ್ದು. "ಕೇಬಲ್ ಯಾಕ ತಗೀತೀರಿ, ಡಿಸ್ಕ್ ಸೆಲೆಕ್ಟ್ ಮಾಡಿದ್ರ ಸಾಕಲ್ರೀ" ಅಂದವರೇ ಎಲ್ಲರೂ. ಸಾಲದು. ಬೂಟ್‌ಲೋಡರಿಗೆ ಎಸ್‌ಎಸ್‌ಡಿಯನ್ನೇ ತೋರಿಸಿದರೂ ಆ ಇನ್‌ಸ್ಟಾಲರ್ ಮೊದಲ ಡಿಸ್ಕಿನ ಇಎಸ್‌ಪಿಗೇ (ಬೂಟ್ ಫೈಲುಗಳ ಪಾರ್ಟಿಶನ್) ಹೋಗಿ ಬರೆಯುವುದುಂಟು. ಕೇಬಲ್ಲೇ ಇಲ್ಲದಿದ್ದರೆ ಅದು ಎಲ್ಲಿಗೆ ಹೋದೀತು? ಇನ್‌ಸ್ಟಾಲ್ ಮುಗಿಸಿ ಕೇಬಲ್ ಸಿಕ್ಕಿಸಿದೆ, ಮೊದಲ ಬೂಟ್ ಎಸ್‌ಎಸ್‌ಡಿಗೆ ಕೊಟ್ಟೆ. ಈಗ ಯಾವ ಡಿಸ್ಕ್ ಕೆಟ್ಟರೂ ಇನ್ನೊಂದು ತಾನೇ ಎದ್ದು ನಿಲ್ಲುತ್ತದೆ. ಕೇಬಲ್ ಒಂದೊಂದಾಗಿ ಕಿತ್ತು ಪರೀಕ್ಷೆ ಮಾಡಿಯೇ ಹೇಳುತ್ತಿದ್ದೇನೆ.

ಬೇರೆ ಓಎಸ್ ಹುಡುಕಿ ಗ್ರಬ್ ಮೆನುವಿಗೆ ಸೇರಿಸುವ ಓಎಸ್-ಪ್ರೋಬರ್ ನಂಬಿಕೊಂಡಿಲ್ಲ. ಗ್ರಬ್ 2.06ರಿಂದ ಅದು ಮೂಲದಲ್ಲೇ ಆಫ್ ಇರುತ್ತದೆ. ವಿಂಡೋಸ್‌ಗೆ ಕೈಯಿಂದಲೇ ಚೈನ್‌ಲೋಡರ್ ಎಂಟ್ರಿ (ವಿಂಡೋಸ್‌ನ ಬೂಟ್‌ಲೋಡರಿಗೆ ದಾಟಿಸುವ ಸಾಲು) ಬರೆದು ಅದರ ಪಾರ್ಟಿಶನ್ನಿನ ಗುರುತು ಯುಯುಐಡಿ ಕೊಟ್ಟಿದ್ದೇನೆ. ಮೆನುವಿಗೂ ಕೈ ಹಚ್ಚದೆ, ಮಿಂಟ್ ಡೆಸ್ಕ್‌ಟಾಪಿನ ಒಂದು ಐಕಾನ್ ಒತ್ತಿದರೆ ಮಷಿನ್ ತಾನೇ ರೀಸ್ಟಾರ್ಟ್ ಆಗಿ ಪೇಜ್‌ಮೇಕರ್ ತೆರೆದುಕೊಂಡು ನಿಲ್ಲುತ್ತದೆ. ಅದನ್ನು ಹೇಗೆ ಮಾಡಿದೆ ಅಂತ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಸಂಪಾದನೆ.

ನಡುವೆ, ವಿಂಡೋಸ್ ಸಾಫ್ಟ್‌ವೇರ್ ಲಿನಕ್ಸ್‌ನಲ್ಲೇ ಓಡಿಸುವ ವೈನ್‌ನಲ್ಲಿ ಪೇಜ್‌ಮೇಕರ್ ಓಡಿಸಿಯೂ ನೋಡಿದೆ. ತೆರೆಯಿತು, ಹಳೇ ಫೈಲೂ ಕಂಡಿತು, ಆದರೆ ನುಡಿ ಕೀಬೋರ್ಡ್ ಹಿಡಿಯಲಿಲ್ಲ. ಲಿನಕ್ಸ್ ಒಳಗೇ ವಿಂಡೋಸ್ ಓಡಿಸುವ ವರ್ಚುವಲ್‌ಬಾಕ್ಸ್ 8 ಜಿಬಿಯಲ್ಲಿ ತೆವಳುತ್ತದೆ. ಖುಷಿ ಕೊಟ್ಟದ್ದು ಪೇಜ್‌ಮೇಕರ್ ಥರದ್ದೇ ಸಾಫ್ಟ್‌ವೇರ್ ಸ್ಕ್ರೈಬಸ್ 1.6. ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಅಚ್ಚುಕಟ್ಟಾಗಿ ಕೂರುತ್ತವೆ. ಲಿನಕ್ಸ್‌ನಲ್ಲಿ ಕನ್ನಡ ಟೈಪಿಂಗ್‌ಗೆ ಇರುವ ಐಬಸ್‌ನಲ್ಲಿ ಕೆಜಿಪಿ ಕೀಬೋರ್ಡ್ ವಿನ್ಯಾಸ ಹಾಕಿಕೊಂಡರೆ ನುಡಿಗೆ ಪಳಗಿದ ಬೆರಳಿಗೆ ಹೊಸದಾಗಿ ಕಲಿಯುವುದೇನಿಲ್ಲ. ನಾಮಕರಣದ ಕಾರ್ಡು, ಹ್ಯಾಂಡ್‌ಬಿಲ್ಲು ಈಗ ಅದರಲ್ಲೇ ಮಾಡಿ ಪಿಡಿಎಫ್ ಕಳಿಸುತ್ತೇನೆ. ಆಸ್ಕಿಯ ಹಂಗು ಪೂರ್ತಿ ಹರಿಯಲಿ ಅಂತ ನನಗೂ ಆಸೆ ಇದೆ.

ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ (ಶಟ್‌ಡೌನ್ ಮಾಡಿದರೂ ಪೂರ್ತಿ ಮುಚ್ಚದೆ ಅರೆನಿದ್ದೆಗೆ ಹೋಗುವುದು) ಆಫ್ ಮಾಡದಿದ್ದರೆ ಗಿರಾಕಿಗಳ ಫೈಲ್ ಇರುವ ಡಿ ಡ್ರೈವ್ ಲಿನಕ್ಸ್‌ನಲ್ಲಿ ಓದಲು ಮಾತ್ರ ಸಿಗುತ್ತದೆ, ಸೇವ್ ಆಗುವುದಿಲ್ಲ. ಗಡಿಯಾರದ್ದು ಇನ್ನೊಂದು ಕಾಟ: ಲಿನಕ್ಸ್ ಬೋರ್ಡಿನ ಗಡಿಯಾರವನ್ನು ಗ್ರೀನಿಚ್ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಅಂದುಕೊಳ್ಳುತ್ತದೆ. ಹೀಗಾಗಿ ಲಿನಕ್ಸ್‌ನಿಂದ ವಿಂಡೋಸ್‌ಗೆ ಬಂದರೆ ಟೈಮ್ ಐದೂವರೆ ತಾಸು ಹಿಂದೆ. ನಮ್ಮ ದೇಶದಲ್ಲಿ ಬೇಸಿಗೆಗೊಂದು ಚಳಿಗಾಲಕ್ಕೊಂದು ಟೈಮ್ ಇಲ್ಲವಾದ್ದರಿಂದ, ಲಿನಕ್ಸ್‌ಗೂ ಸ್ಥಳೀಯ ಸಮಯವನ್ನೇ ಇಡು ಅಂತ ಒಂದು ಕಮ್ಯಾಂಡ್ ಕೊಟ್ಟು ಮುಗಿಸಿದೆ.

ವಿಂಡೋಸ್‌ಗೆ ಇಂಟರ್ನೆಟ್ ಬೇಡ ಅಂತ ಅದರಲ್ಲಿ ನೆಟ್‌ವರ್ಕ್ ಅಡಾಪ್ಟರ್ ಡಿಸೇಬಲ್ ಮಾಡಿಟ್ಟಿದ್ದೇನೆ. ಇನ್ನು 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ನೆನಪಿರಬೇಕು. ಆಗ ಸೆಕ್ಯೂರ್ ಬೂಟ್ (ನಂಬಿಕೆಯ ಬೂಟ್‌ಲೋಡರ್ ಮಾತ್ರ ಬಿಡುವ ಕಾವಲು) ಆನ್ ಇದ್ದ ಎಷ್ಟೋ ಡ್ಯುಯಲ್ ಬೂಟ್ ಮಷಿನ್‌ಗಳಲ್ಲಿ ಲಿನಕ್ಸ್ ಏಳಲಿಲ್ಲ. ಎರಡು ಡಿಸ್ಕ್ ಇದ್ದರೂ ಅದರಿಂದ ರಕ್ಷಣೆ ಇಲ್ಲ, ಯಾಕೆಂದರೆ ಹಳೇ ಬೂಟ್‌ಲೋಡರುಗಳನ್ನು ತಡೆಯುವ ಆ ಎಸ್‌ಬಿಎಟಿ ಗುರುತು ಕೂರುವುದು ಮದರ್‌ಬೋರ್ಡಿನಲ್ಲಿ. ನಾನು ಸೆಕ್ಯೂರ್ ಬೂಟ್ ಆಫ್ ಇಟ್ಟಿದ್ದೇನೆ. ಇಷ್ಟು ಹಳೇ ಬೋರ್ಡಿನ ಸೆಲ್ ಇಳಿದರೆ ಬಯೋಸ್ ಸೆಟ್ಟಿಂಗ್ ಎಲ್ಲ ಮೊದಲಿನಂತಾಗುತ್ತದೆ. ನಲವತ್ತು ರೂಪಾಯಿಯ 2032 ಸೆಲ್ಲನ್ನೂ ಡಿಸ್ಕ್ ಕೂರಿಸಿದ ದಿನವೇ ಬದಲಾಯಿಸಿಬಿಡಿ.